ಜಮಖಾನದ ಮೂಲೆಯ ಹಸಿರು ದಾರ

ಶಾಲೆಯ ಜವಾನನ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಕೀಲಿಕೈಗಳನ್ನು ಗೋಡೆಯ ಮೊಳೆಗೆ ತೂಗುಹಾಕಬೇಡಿ, ಸೊಂಟದಲ್ಲಿ ಇಟ್ಟುಕೊಳ್ಳಿ. ಇನ್ನು, ಎರವಲು ತಂದ ಸಾಮಾನನ್ನು ಮರಳಿ ಮುಟ್ಟಿಸುವಾಗ ನಿಮ್ಮ ನೆನಪನ್ನು ನಂಬಬೇಡಿ. ಮೊದಲನೆಯದನ್ನು ನನಗೆ ಹಿರಿಯರು ಹೇಳಿಕೊಟ್ಟರು. ಎರಡನೆಯದನ್ನು ನಾನೇ ಕಲಿತೆ. ಕಲಿಯಲು ಎರಡು ವರ್ಷ ಹಿಡಿಯಿತು, ಅಷ್ಟರಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಮಾನ ಹೋಗುವುದರಲ್ಲಿತ್ತು.

ಬಡ್ತಿಯ ವಿಷಯ ಇಲ್ಲಿ ಬರೆಯುವುದಿಲ್ಲ. ನಮ್ಮ ಕೆಲಸದಲ್ಲಿ ಬಡ್ತಿ ಎಂದರೆ ಹಳೆಯ ಕೋಟಿನ ಜಾಗಕ್ಕೆ ಹೊಸ ಕೋಟು, ಅದೂ ಭುಜದ ಅಳತೆ ತಪ್ಪಿದ್ದು.

ನಾನು ಸೇರಿದ್ದು ನಿಜಾಮರ ಕಾಲದಲ್ಲಿ, ಬಸವಕಲ್ಯಾಣದ ಶಾಲೆಗೆ. ಆಗ ಊರಿಗೆ ಕಲ್ಯಾಣಿ ಎನ್ನುತ್ತಿದ್ದೆವು. ಪಾಠವೆಲ್ಲ ಉರ್ದುವಿನಲ್ಲಿ. ತರಗತಿಗೆ ಜಮಾತ್ ಎಂದು ಹೆಸರು, ಹೆಡ್‌ಮಾಸ್ತರರು ಸದರ್ ಸಾಹೇಬರು, ನಾನು ಚಪ್ರಾಸಿ. ನಾನು ಓದಿದ್ದು ಮೂರನೆಯ ಜಮಾತ್‌ವರೆಗೆ ಮಾತ್ರ. ಅಪ್ಪ ತೀರಿಕೊಂಡ ವರ್ಷ ಪಾಟಿ ಬಿಟ್ಟು ಕಲ್ಲು ಹೊರುವ ಕೆಲಸಕ್ಕೆ ಹೋದೆ. ಆದ್ದರಿಂದ ಶಾಲೆಯ ಕೆಲಸ ಸಿಕ್ಕಾಗ ಒಂದು ಹಟ ಹಿಡಿದೆ: ಓದಿದವರು ಮಾಡುವ ತಪ್ಪನ್ನು ಓದದ ಈ ಭೀಮಶಾ ಮಾಡಬಾರದು. ಗಂಟೆ ಒಂದು ನಿಮಿಷ ಆಚೀಚೆ ಆಗಬಾರದು. ಶಾಯಿ ತೆಳುವಾಗಬಾರದು. ಕೊಡದಲ್ಲಿ ನೀರು ಮುಗಿಯಬಾರದು. ಕೆಲವು ವರ್ಷಗಳಲ್ಲಿ ಊರಿನಲ್ಲಿ ಒಂದು ಮಾತು ಹುಟ್ಟಿತು, ‘ಭೀಮಶಾ ತಪ್ಪು ಮಾಡಂಗಿಲ್ಲ’ ಅಂತ. ಆ ಮಾತು ಕೇಳಿದ ದಿನ ನಾನು ಎರಡು ರೊಟ್ಟಿ ಹೆಚ್ಚು ಉಂಡಿದ್ದು ನಿಜ.

ನಮ್ಮ ಸದರ್ ಸಾಹೇಬರು ತೆಳ್ಳಗಿನ ಮುದುಕರು. ಬಿಳಿ ಗಡ್ಡ, ಕಪ್ಪು ಶೇರವಾನಿ. ಸಿಟ್ಟು ಬಂದರೆ ದನಿ ಇಳಿಸುತ್ತಿದ್ದರು. ನಮಗೆ ಭಯವಾಗುತ್ತಿದ್ದುದೇ ಆ ಇಳಿದ ದನಿಗೆ. ಬೇವಿನ ಮರಕ್ಕೆ ತೂಗುಬಿಟ್ಟ ರೈಲು ಕಂಬಿಯ ತುಂಡೇ ನಮ್ಮ ಗಂಟೆ. ಅದನ್ನು ಬಡಿಯುವುದನ್ನು ಕಲಿಸಿದವರೂ ಅವರೇ. “ಜೋರಾಗಿ ಹೊಡದ್ರ ಹುಡುಗ್ರು ಅಂಜತಾರ, ಮೆತ್ತಗ ಹೊಡದ್ರ ನಿದ್ದಿ ಹೋಗತಾರ. ಕಲಾಯಿ ಮಾಡೋನು ಪಾತ್ರಿ ಬಡದ್ಹಂಗ ಬಡಿ ಭೀಮಶಾ, ಕಿವಿಗೆ ತಿಳೀಬೇಕು, ಪಾತ್ರಿಗೆ ನೋವಾಗಬಾರದು” ಎನ್ನುತ್ತಿದ್ದರು.

ಶಾಲೆಯ ಹುಡುಗರದು ಒಂದು ಅಂಜುಮನ್ ಇತ್ತು, ಈಗ ವಿದ್ಯಾರ್ಥಿ ಸಂಘ ಎನ್ನುತ್ತೀರಲ್ಲ, ಅದು. ಇಡೀ ವರ್ಷ ಅದು ಮಾಡುತ್ತಿದ್ದ ದೊಡ್ಡ ಕೆಲಸ ಒಂದೇ, ಚಳಿಗಾಲದ ಜಲ್ಸಾ. ಹಗಲೆಲ್ಲ ನಡೆಯುವ ಸಭೆ. ಭಾಷಣ, ಹಾಡು, ಒಂದು ಸಣ್ಣ ನಾಟಕ, ಕೊನೆಗೆ ಬೈತ್‌ಬಾಜಿ. ಒಬ್ಬ ಹೇಳಿದ ಉರ್ದು ದ್ವಿಪದಿ ಯಾವ ಅಕ್ಷರದಲ್ಲಿ ಮುಗಿಯಿತೋ ಆ ಅಕ್ಷರದಿಂದಲೇ ಎದುರಿನವನು ಇನ್ನೊಂದನ್ನು ಎತ್ತಿಕೊಳ್ಳಬೇಕು, ತಡವರಿಸಿದರೆ ಸೋತಂತೆ. ಅರ್ಥ ಅರ್ಧ ಆಗದಿದ್ದರೂ ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ.

ಜಲ್ಸಾಕ್ಕೆ ಬರುವ ಮಂದಿಗೆ ಕೂರಲು ಹಾಸು ಬೇಕು. ಶಾಲೆಯಲ್ಲಿ ಇದ್ದುದು ಹರಿದ ಎರಡು ಗೋಣಿತಟ್ಟು. ಹಾಗಾಗಿ ಮನೆ ಮನೆಗೆ ಹೋಗಿ ಜಮಖಾನ ಕೇಳಿ ತರುವುದು ರೂಢಿ. ಅಂಜುಮನ್ನಿನ ಇಬ್ಬರು ಹುಡುಗರು, ಜೊತೆಗೆ ನಾನು. ಕೊಟ್ಟ ಮನೆಯವರು ತಪ್ಪದೆ ಜಲ್ಸಾಕ್ಕೆ ಬರುತ್ತಿದ್ದರು. ಮಕ್ಕಳ ಭಾಷಣ ಕೇಳುವುದಕ್ಕಿಂತ ತಮ್ಮ ಜಮಖಾನದ ಮೇಲೆ ಯಾರು ಎಲೆ ಅಡಿಕೆ ಉಗುಳುತ್ತಾರೋ ನೋಡುವುದಕ್ಕೆ ಬರುತ್ತಿದ್ದರು ಎನ್ನಿ. ಯಾವುದು ಯಾರ ಮನೆಯದು ಎಂದು ಗುರುತಿಡಲು ಒಂದು ಪದ್ಧತಿ ಮಾಡಿದವನು ನಾನು. ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ, ಮೂಲೆಯಲ್ಲಿ ಮೇಣ ಹಚ್ಚಿ ಎರಡು ಗಂಟು. ಯಾವ ಮನೆಗೆ ಯಾವ ಬಣ್ಣ ಎಂಬ ಪಟ್ಟಿ ಸದರ್ ಸಾಹೇಬರ ದಫ್ತರದಲ್ಲಿ. ಮುಂದಿನ ವರ್ಷಕ್ಕೂ ಆಗಲಿ ಎಂದು ದಾರ ಬಿಚ್ಚದೆಯೇ ಮರಳಿ ಕೊಡುತ್ತಿದ್ದೆ. ಸಾಹೇಬರು ಅದನ್ನು ಮೆಚ್ಚಿಕೊಂಡು, “ಇದು ಓದಿದವ್ರಿಗೂ ಹೊಳೀಲಿಲ್ಲ ನೋಡು” ಎಂದಿದ್ದರು. ಆ ಹೊಗಳಿಕೆಯೇ ಮುಂದೆ ನನಗೆ ಮುಳುವಾಯಿತು.

ನಲವತ್ತೇಳರ ಆರಂಭದ ಚಳಿಯಲ್ಲಿ ನಡೆದ ಜಲ್ಸಾದಲ್ಲಿ ನೀರಿನ ಹಂಡೆ ಉರುಳಿ ಮೂರು ನಾಲ್ಕು ಜಮಖಾನ ಕೆಸರಾದವು. ಕೊಡವಿ ಕೊಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಭೀಮಶಾ ಒಗೆದು ಕೊಟ್ಟ ಎನ್ನಿಸಿಕೊಳ್ಳಬೇಕಲ್ಲ! ದಾರದ ಬಣ್ಣ ಬಿಟ್ಟೀತೆಂದು ದಾರಗಳನ್ನು ಬಿಚ್ಚಿ, ಒಗೆದು, ಕೋಟೆಯ ಗೋಡೆಯ ಮೇಲೆ ಒಣಹಾಕಿ, ಒಂದೊಂದರ ಮೇಲೆ ಅದರದೇ ದಾರವನ್ನು ಕಲ್ಲಿನ ಕೆಳಗೆ ಇಟ್ಟೆ. ಗಂಟೆ ಹೊಡೆಯಲು ಹೋಗಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು, ಇನ್ನೊಂದು ಮಗ್ಗುಲೂ ಒಣಗಲಿ ಎಂದು, ಎಲ್ಲವನ್ನೂ ಮಗುಚಿ ಹಾಕಿದ್ದರು. ದಾರಗಳು ಒಂದು ಕಡೆ ಗುಡ್ಡೆಯಾಗಿದ್ದವು. ಕೇಳಿ ತಿಳಿದುಕೊಳ್ಳಬಹುದಿತ್ತು. ಕೇಳಲಿಲ್ಲ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ. ನೆನಪಿನಿಂದಲೇ ದಾರ ಕಟ್ಟಿ ಮನೆ ಮನೆಗೆ ಮುಟ್ಟಿಸಿದೆ.

ಒಂದು ತಿಂಗಳ ಮೇಲೆ ಶಾಲೆಯ ತಾಮ್ರದ ಹಂಡೆಗೆ ಕಲಾಯಿ ಹಾಕಿಸಲು ಹುಸೇನಸಾಬರ ಮನೆಗೆ ಹೋದೆ. ಊರಿನ ಅರ್ಧ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು ಅವರೇ. ಮಗ ಇಸ್ಮಾಯಿಲ್ ನಮ್ಮ ಶಾಲೆಯಲ್ಲಿ ಆರನೆಯ ಜಮಾತ್, ಬೈತ್‌ಬಾಜಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಗಳದ ಹಗ್ಗದ ಮೇಲೆ ಅವರ ಜಮಖಾನವನ್ನು ಬಿಸಿಲಿಗೆ ಹಾಕಿದ್ದರು. ನೀಲಿ ಪಟ್ಟೆ, ಕೆಂಪು ಅಂಚು. ಮೂಲೆಯಲ್ಲಿ ನಾನೇ ಕಟ್ಟಿದ ಹಸಿರು ದಾರ. ಹಸಿರು ಅವರ ಮನೆಯ ಬಣ್ಣ, ಸರಿ. ಆದರೆ ಅದರ ಪಕ್ಕದಲ್ಲೇ, ಹಿಂಬದಿಗೆ, ಕರಿ ದಾರದ ಐದು ಸಣ್ಣ ಹೊಲಿಗೆಗಳಿದ್ದವು.

ಆ ಐದು ಹೊಲಿಗೆ ನನಗೆ ಗೊತ್ತಿತ್ತು. ಅದು ಕಾಶಿಬಾಯಿಯವರ ಜಮಖಾನ. ಅವರು ಗೋರ್ಟಾದ ಕಡೆಯ ಒಂದು ಹಳ್ಳಿಯ ಒಕ್ಕಲುತನದ ಮನೆಯವರು. ಮಗ ವೈಜನಾಥ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಇಸ್ಮಾಯಿಲನ ಜಮಾತಿನಲ್ಲೇ ಓದುತ್ತಿದ್ದ. ಜಮಖಾನ ಕೊಡುವಾಗ ಅವರು ಮೂಲೆ ಮಗುಚಿ ತೋರಿಸಿದ್ದರು: “ನಮ್ಮವ್ವಗ ಐದು ಮಂದಿ ಹೆಣ್ಣಮಕ್ಕಳು ನೋಡಪಾ. ಒಬ್ಬೊಬ್ಬರಿಗಿ ಕೊಡೂವಾಗೂ ಐದೈದ ಹೊಲಿಗಿ ಹಾಕ್ಯಾಳ, ಉಳದ ನಾಲ್ಕ ಮಂದೀನ ಮರೀಬ್ಯಾಡ ಅಂತ.” ಎರಡೂ ಜಮಖಾನ ವಾರಂಗಲ್ಲಿನ ನೇಯ್ಗೆ, ಒಂದೇ ಪಟ್ಟೆ, ಒಂದೇ ಅಂಚು. ನಾನು ಅದಲುಬದಲು ಮಾಡಿದ್ದೆ. ಕಾಶಿಬಾಯಿಯವರದು ಹುಸೇನಸಾಬರ ಅಂಗಳದಲ್ಲಿ, ಹುಸೇನಸಾಬರದು ಕಾಶಿಬಾಯಿಯವರ ಹಳ್ಳಿಯ ಮನೆಯ ಅಟ್ಟದಲ್ಲಿ.

ಅಲ್ಲೇ ಹೇಳಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ಮುಂದಿನ ಜಲ್ಸಾಕ್ಕೆ ಎರಡೂ ಶಾಲೆಗೆ ಬರುತ್ತವೆ, ಆಗ ಯಾರಿಗೂ ತಿಳಿಯದ ಹಾಗೆ ಬದಲಿಸಿದರಾಯಿತು ಎಂದುಕೊಂಡು ಹಂಡೆ ಇಳಿಸಿ ಬಂದೆ.

ಮುಂದಿನ ಚಳಿಗಾಲದಲ್ಲಿ ಜಲ್ಸಾ ಆಗಲಿಲ್ಲ. ಆ ವರ್ಷ ಏನೇನಾಯಿತು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗರ ಅಂಜುಮನ್ ಒಡೆಯಿತು. ಕೆಲವರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ರಜಾಕಾರರು ಬಂದ ದಿನ ವೈಜನಾಥನ ಹಳ್ಳಿಯ ಮನೆ ಸುಟ್ಟಿತು. ಅವನ ಚಿಕ್ಕಪ್ಪ ಉಳಿಯಲಿಲ್ಲ. ಕಾಶಿಬಾಯಿ ಉಟ್ಟ ಸೀರೆಯಲ್ಲಿ ತಮ್ಮನ ಮನೆಗೆ ಬಂದರು. ಆಮೇಲೆ ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಮಿಲಿಟರಿ ಬಂತು. ನಿಜಾಮರ ಆಳ್ವಿಕೆ ಮುಗಿಯಿತು. ಆಗ ಬೇರೆ ಓಣಿಗಳ ಬಾಗಿಲು ಮುಚ್ಚಿದವು. ಲೂಟಿಯಾದ ಮಾಲು ಹುಡುಕುತ್ತೇವೆಂದು ಮಂದಿ ಗುಂಪು ಗುಂಪಾಗಿ ಮುಸಲ್ಮಾನರ ಮನೆ ಹೊಕ್ಕರು. ಲೂಟಿ ಮಾಡಿದವರ ಮನೆಗೂ ಹೊಕ್ಕರು, ಮಾಡದವರ ಮನೆಗೂ ಹೊಕ್ಕರು. ಯಾರ ಮನೆಯಲ್ಲಾದರೂ ಇನ್ನೊಬ್ಬರ ಸಾಮಾನು ಸಿಕ್ಕಿದರೆ ಆ ಮನೆಯ ಗಂಡಸಿನ ಗತಿ ಏನಾಗುತ್ತಿತ್ತು ಎಂದು ನಾನು ಕಣ್ಣಾರೆ ಕಂಡೆ.

ಒಂದು ಸಂಜೆ ಕೀಲಿ ಹಾಕುತ್ತಿದ್ದಾಗ ಸಿಡಿಲು ಬಡಿದಂತೆ ನೆನಪಾಯಿತು. ಸುಟ್ಟುಹೋದ ಮನೆಯ ಕಾಶಿಬಾಯಿಯ ಜಮಖಾನ, ಅದೂ ಗುರುತಿನ ಹೊಲಿಗೆ ಇರುವುದು, ಹುಸೇನಸಾಬರ ಮನೆಯಲ್ಲಿದೆ. ಆ ಮನುಷ್ಯ ಯಾರ ಮನೆಯ ಒಂದು ಕಡ್ಡಿಯನ್ನೂ ಎತ್ತಿದವರಲ್ಲ. ಇಟ್ಟವನು ನಾನು. ಹೋಗಿ ಹೊತ್ತು ತಂದರೆ, ಓಣಿ ಕಾಯುತ್ತಿದ್ದ ಗುಂಪಿಗೆ ಅದನ್ನು ನಾನೇ ತೋರಿಸಿಕೊಟ್ಟಂತೆ.

ಶಾಲೆ ಮತ್ತೆ ತೆರೆದಾಗ ಎಲ್ಲ ಹೊಸದಾಗಿತ್ತು. ಮೊದಲು ನಮಗೆ ವಾರದ ರಜೆ ಶುಕ್ರವಾರ, ಈಗ ರವಿವಾರ. ಹುಕುಂ ಬಂದಿದ್ದನ್ನು ನಾನೇ ತಂದು ಮೇಜಿನ ಮೇಲಿಟ್ಟಿದ್ದೆ. ಆದರೂ ಮೊದಲ ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು ಕುಳಿತಿದ್ದೆ. ಇಡೀ ಶಾಲೆ ಕೀಲಿ ಹಾಕಿದ ಬಾಗಿಲಿನ ಮುಂದೆ ನಿಂತಿತ್ತು. ಎಣ್ಣೆ ಸುರಿಸುತ್ತ ಓಡಿದೆ. ಸದರ್ ಸಾಹೇಬರು ದನಿ ಇಳಿಸಿ ಕೇಳಿದರು: “ಏನೋ ಭೀಮಶಾ, ನಮಾಜು ಮಾಡೋ ನಾನು ಡ್ಯೂಟಿಗಿ ಬಂದೀನಿ, ನೀ ಜುಮ್ಮಾ ರಜಾ ಹಿಡದು ಕುಂತೀ?” ಹುಡುಗರೆಲ್ಲ ನಕ್ಕರು. ತಿಂಗಳುಗಳ ಮೇಲೆ ಆ ಅಂಗಳದಲ್ಲಿ ಕೇಳಿದ ಮೊದಲ ನಗು ಅದು. ಹಾಗಾಗಿ ಆ ತಪ್ಪಿನ ಬಗ್ಗೆ ನನಗೆ ಅಷ್ಟು ನಾಚಿಕೆಯಿಲ್ಲ.

ನಗುವವರ ಸಂಖ್ಯೆ ಮಾತ್ರ ಅರ್ಧಕ್ಕಿಂತ ಕಡಿಮೆ ಇತ್ತು. ಇಸ್ಮಾಯಿಲ್ ಬರಲಿಲ್ಲ. ಅವನ ಓಣಿಯ ಯಾರೂ ಬರಲಿಲ್ಲ. ಹಳ್ಳಿಯ ಹುಡುಗರು ಹಲವರು ಬರಲಿಲ್ಲ.

ಚಳಿ ಹಿಡಿದಾಗ ಅಂಜುಮನ್ ‘ವಿದ್ಯಾರ್ಥಿ ಸಂಘ’ ಎಂಬ ಹೊಸ ಹೆಸರಿನಲ್ಲಿ ಮತ್ತೆ ಸೇರಿತು. ವೈಜನಾಥ ಕಾರ್ಯದರ್ಶಿ. ಈ ವರ್ಷ ಜಲ್ಸಾ ಮಾಡಬೇಕೋ ಬೇಡವೋ ಎಂಬುದೇ ಮಾತು. ಸದರ್ ಸಾಹೇಬರು ಮೂಲೆಯಲ್ಲಿ ಕುಳಿತು, “ಸಂಘ ನಿಮ್ಮದು, ತೀರ್ಮಾನ ನಿಮ್ಮದು” ಎಂದುಬಿಟ್ಟರು. ನಾನು ಬಾಗಿಲಲ್ಲಿ ನಿಂತಿದ್ದೆ.

ಮೊದಲು ಎದ್ದವನು ರೇವಣ. ಎತ್ತರದ ಹುಡುಗ, ಸೊಲ್ಲಾಪುರದ ಕಡೆ ವರ್ಷವಿದ್ದು ಬಂದವನು. “ಜಲ್ಸಾ ಗಿಲ್ಸಾ ಎಲ್ಲಾ ಹಳೇ ಸರ್ಕಾರದ ಸೋಗು. ನಮ್ಮೊಳಗ ಎಷ್ಟ ಮಂದಿಗಿ ಕನ್ನಡ ಅಕ್ಷರ ಬರತಾವ, ಕೈ ಎತ್ತರಿ ನೋಡೂಣು! ನಾಳಿಂದ ಪರೀಕ್ಷಾ ಕನ್ನಡದಾಗ ಅಂದ್ರ ಏನ್ ಬರೀತೀರಿ? ಮೂರು ವಾರ ಜಮಖಾನ ಹೊತಗೊಂಡು ತಿರಗೂದು, ತೋರಣ ಕಟ್ಟೂದು. ಆ ಮೂರು ವಾರ ಕುಂತು ಅಕ್ಷರ ತೀಡ್ರಿ. ಸಂಘ ಇರೂದು ಕುಣಿಯಾಕಲ್ಲ.”

ವೈಜನಾಥ ಎದ್ದಾಗ ಎಲ್ಲರೂ ತಲೆ ತಗ್ಗಿಸಿದರು. ಮನೆ ಕಳೆದುಕೊಂಡವನು ಜಲ್ಸಾ ಬೇಡವೆನ್ನುತ್ತಾನೆ ಎಂದೇ ತಿಳಿದಿದ್ದೆವು.

“ರೇವಣ ಹೇಳೂದು ಖರೇ ಅದ. ಆದ್ರ ಅಕ್ಷರ ಯಾರಿಗಿ ಕಲಸೂದು? ಅರ್ಧಾ ಸಾಲಿ ಮನ್ಯಾಗ ಕುಂತದ. ನಾ ಎರಡು ಮನಿಗಿ ಹೋಗಿದ್ದೆ, ‘ನಿಮ್ಮ ಹುಡುಗನ್ನ ಕಳಸ್ರಿ’ ಅಂತ. ಬಾಗಲಾನೇ ತೆಗೀಲಿಲ್ಲ. ಯಾಕ ತೆಗೀತಾರ? ನಾಕೈದು ಮಂದಿ ಬಂದು ಮಗನ್ನ ಕೊಡ್ರಿ ಅಂದ್ರ ಯಾರ ಎದಿ ತಡೀತದ? ಜಮಖಾನ ಕೊಡ್ರಿ ಅಂತ ಹೋಗೂಣು. ಅದು ಅವರಿಗಿ ಗೊತ್ತಿದ್ದ ಮಾತು. ಎಲ್ಲಾ ಓಣಿಗೂ ಹೋಗೂಣು.”

“ಎಲ್ಲಾ ಓಣಿಗೂ?” ರೇವಣ ಕೇಳಿದ.

“ಹೌದು, ಎಲ್ಲಾ ಓಣಿಗೂ.”

ಅಷ್ಟರಲ್ಲಿ ಸದರ್ ಸಾಹೇಬರು ನನ್ನ ಕಡೆ ತಿರುಗಿದರು. “ಭೀಮಶಾ, ಇಷ್ಟ ವರ್ಷ ಜಲ್ಸಾ ಹೊತ್ತೋನು ನೀನು. ನೀ ಏನಂತಿ?”

ಜಲ್ಸಾ ಎಂದರೆ ನನಗೆಷ್ಟು ಜೀವ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ನಾನು ಹೇಳಿದೆ: “ಬ್ಯಾಡ್ರಿ ಸಾಹೇಬ್ರ. ರೇವಣ ಹೇಳಿದ್ದೇ ಬರೋಬ್ಬರಿ ಅದ. ಹುಡುಗ್ರು ಓದಿಕೊಳ್ಳಲಿ. ಓದು ಬಿಟ್ಟೋನ ಕಷ್ಟ ನನಗ ಗೊತ್ತದ.”

ರೇವಣ ಎದ್ದು ನಿಂತು ನನಗೆ ಕೈಮುಗಿದ. ಮಾತು ಚೆನ್ನಾಗಿತ್ತು, ಹೇಳಿದ ಕಾರಣ ಮಾತ್ರ ಸುಳ್ಳು. ಜಲ್ಸಾ ಆದರೆ ಜಮಖಾನಗಳು ಹೊರಬರುತ್ತವೆ, ಐದು ಹೊಲಿಗೆ ಹೊರಬರುತ್ತದೆ. ನನ್ನ ಹೆದರಿಕೆಗೆ ನಾನು ಹುಡುಗರ ಓದನ್ನು ಮುಂದೆ ಮಾಡಿದ್ದೆ. ಹುಸೇನಸಾಬರಿಗಾಗಿ ಹೆದರಿದೆ ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಅವರಿಗಾಗಿ ಅರ್ಧ, ನನ್ನ ಹೆಸರಿಗಾಗಿ ಅರ್ಧ. ಯಾವ ಅರ್ಧ ದೊಡ್ಡದಿತ್ತು ಎಂದು ಈಗ ಅಳೆಯಲು ಹೋಗುವುದಿಲ್ಲ.

ಕೈ ಎತ್ತಿಸಿದರು. ಜಲ್ಸಾ ಬೇಕೆಂದವರು ಇಬ್ಬರು ಹೆಚ್ಚಿದ್ದರು.

ಹುಸೇನಸಾಬರ ಮನೆಗೆ ವೈಜನಾಥ ಮತ್ತು ನಾನು ಹೋದೆವು. ಬೇರೆಯವರನ್ನು ಕಳಿಸು ಎಂದೆ, ಕೇಳಲಿಲ್ಲ. “ಇಸ್ಮಾಯಿಲ್ ನನ್ನ ಬಾಜೂಕ ಕೂಡತಿದ್ದ ಕಾಕಾ. ನಾನೇ ಬರತೀನಿ” ಎಂದ. ಬಾಗಿಲು ತಟ್ಟಿದಾಗ ಒಳಗೆ ಪಾತ್ರೆಯ ಸದ್ದು ನಿಂತಿತು. ಬಹಳ ಹೊತ್ತಾದ ಮೇಲೆ ಸಂದಿಯಿಂದ ಒಂದು ಕಣ್ಣು ಕಂಡಿತು.

“ಯಾರದು?”

“ಸಾಲಿಯವ್ರು ಚಾಚಾ. ಜಲ್ಸಾಕ್ಕ ಜಮಖಾನ ಬೇಕಾಗಿತ್ತು.”

ಆಮೇಲೆ ಸರಪಳಿ ಬಿದ್ದ ಸದ್ದು. ಹುಸೇನಸಾಬರು ಅರ್ಧಕ್ಕೆ ಅರ್ಧ ಸೊರಗಿದ್ದರು. ನಮ್ಮಿಬ್ಬರನ್ನೂ ಮಿಕಿಮಿಕಿ ನೋಡಿ, “ಜಮಖಾನ? ಬರೇ ಜಮಖಾನ?” ಎಂದರು.

“ಬರೇ ಜಮಖಾನ. ಮತ್ತ ಹಂಡೆದ ಕಲಾಯಿ ಹೋಗ್ಯಾದ, ಅದು ಆಮ್ಯಾಲ ಮಾತಾಡೂಣು” ಎಂದ ವೈಜನಾಥ.

ಮುದುಕರು ನಗಲು ಹೋಗಿ ಕೆಮ್ಮಿದರು. “ಈ ಬಾಗಲಕ್ಕ ಇಷ್ಟ ದಿನ ಬಂದವ್ರೆಲ್ಲಾ ಹುಡುಕಾಕ ಬಂದವ್ರು ಬೇಟಾ. ಕೇಳಾಕ ಬಂದವ್ರು ನೀವೇ ಮೊದಲು. ಇಸ್ಮಾಯಿಲ್, ಜಮಖಾನ ತಗಂಬಾ! ಜಾಡಿಸಿ ತಾ. ನಾನೂ ಬರತೀನಿ ಜಲ್ಸಾಕ್ಕ, ಇವನ್ನೂ ಕರಕೊಂಡು ಬರತೀನಿ.”

ಅದನ್ನು ಹೆಗಲ ಮೇಲೆ ಹೊತ್ತು ಬರುವಾಗ ಹೊಲಿಗೆಯ ಮೂಲೆಯನ್ನು ಒಳಕ್ಕೆ ಮಡಚಿಕೊಂಡೆ. ಒಂದು ಉಪಾಯ ಮಾಡಿದೆ. ಎಲ್ಲಕ್ಕಿಂತ ಹಿಂದೆ, ಗೋಡೆಯ ಮೂಲೆಗೆ, ಹೊಲಿಗೆಯ ತುದಿ ಗೋಡೆಯ ಕಡೆ ಬರುವ ಹಾಗೆ ಹಾಸಿದೆ. ಅಲ್ಲಿ ಸಣ್ಣ ಹುಡುಗರು ಕೂರುತ್ತಾರೆ, ಅವರೇನು ಮಗುಚಿ ನೋಡುತ್ತಾರೆ?

ಜಲ್ಸಾ ರವಿವಾರ ಬೆಳಿಗ್ಗೆ. ಮಂದಿ ನಾವು ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ಹೆಣ್ಣುಮಕ್ಕಳಿಗೆಂದು ಹಾಸಿದ ಕಡೆ ಬಿಸಿಲು ಏರಿತು. ಅವರು ಎದ್ದು ನೆರಳು ಹುಡುಕಿಕೊಂಡು ಹಿಂದಿನ ಗೋಡೆಯ ಕಡೆ ಹೋದರು. ನಾನು ಬೇವಿನ ಮರದ ಕೆಳಗೆ ಸುತ್ತಿಗೆ ಹಿಡಿದು ನಿಂತಿದ್ದೆ. ಕಾಶಿಬಾಯಿ ಗೋಡೆಗೆ ಒರಗಿ ಕುಳಿತದ್ದನ್ನು ನೋಡಿದೆ. ಸುಮ್ಮನೆ ಕುಳಿತ ಹೆಂಗಸರ ಕೈ ಹಾಸಿನ ಅಂಚನ್ನು ಸವರುವುದು ಸಹಜ. ಅವರ ಕೈ ಸವರುತ್ತ ಸವರುತ್ತ ನಿಂತಿತು. ಮೂಲೆಯನ್ನು ಮಗುಚಿದರು.

“ವೈಜನಾಥಾ, ಇಲ್ಲಿ ಬಾ.”

ದನಿ ದೊಡ್ಡದಲ್ಲ, ಆದರೂ ಅಂಗಳವೆಲ್ಲ ಕೇಳಿತು. “ಇದು ನಮ್ಮದು. ನಮ್ಮವ್ವ ಹಾಕಿದ ಹೊಲಿಗಿ. ಇದು ಸುಟ್ಟಿತ್ತಲ್ಲೋ? ಇಲ್ಲಿ ಹ್ಯಾಂಗ ಬಂತು?”

ಯಾರ ಮನೆಯಿಂದ ಬಂತು ಎಂದು ಯಾರೋ ಕೇಳಿದರು. ಯಾರೋ ಹೇಳಿದರು. ಎಲ್ಲ ತಲೆಗಳೂ ಹುಸೇನಸಾಬರ ಕಡೆ ತಿರುಗಿದವು. ಅವರ ಪಕ್ಕದಲ್ಲಿ ಕುಳಿತವರು ಮೆಲ್ಲನೆ ಸರಿದರು. ರೇವಣ ಕೂಗಿದ: “ನಾ ಏನ್ ಹೇಳಿದ್ದೆ! ಲೂಟಿ ಮಾಲಿನ ಮ್ಯಾಲ ಕುಂತು ಜಲ್ಸಾ ಮಾಡಾಕತ್ತೇವಿ!”

ಹುಸೇನಸಾಬರು ಎದ್ದು ನಿಂತರು. “ಖುದಾನ ಕಸಮ್ ಬಾಯೀ, ಅದು ನಮ್ಮ ಮನೀದೇ... ನನ್ನ ಲಗ್ನದಾಗ ಬಂದದ್ದು...” ಎಂದರು. ಇಸ್ಮಾಯಿಲ್ ಅಪ್ಪನ ತೋಳು ಹಿಡಿದಿದ್ದ. ಹಿಂದಿನಿಂದ ಯಾರೋ, “ಠಾಣಾಕ್ಕ ಮಂದೀನ ಕಳಸ್ರಿ, ಪೊಲೀಸರು ಬರಲಿ” ಎಂದರು.

ನಾನು ಎಷ್ಟು ಹೊತ್ತು ಸುಮ್ಮನಿದ್ದೆ? ಹೆಚ್ಚಿಲ್ಲ. ಆದರೆ ಸುಮ್ಮನಿದ್ದೆ ಎಂಬುದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಸದರ್ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಾನು ಸುತ್ತಿಗೆಯಿಂದ ಕಂಬಿಗೆ ಒಂದು ಏಟು ಹೊಡೆದೆ, ಬಹಳ ಜೋರಾಗಿ, ಅವರು ಕಲಿಸಿದ ಹಾಗಲ್ಲ. ಸದ್ದು ನಿಂತಿತು.

“ತಪ್ಪು ನಂದು” ಎಂದೆ. “ಎರಡು ವರ್ಷದ ಹಿಂದ ಒಗದು ಒಣಹಾಕಿದಾಗ ದಾರ ಕಲಸ್ಯಾವ. ನಾನೇ ಇವರದ್ದು ಅವರಿಗಿ, ಅವರದ್ದು ಇವರಿಗಿ ಕೊಟ್ಟೀನಿ. ಹುಸೇನಚಾಚಾಗ ಏನೂ ಗೊತ್ತಿಲ್ಲ.”

ನಂಬುತ್ತಾರೆ ಎಂದುಕೊಂಡಿದ್ದೆ. ಯಾರೂ ನಂಬಲಿಲ್ಲ! ರೇವಣ ಹತ್ತಿರ ಬಂದು, ನನ್ನ ಮೇಲಿನ ಗೌರವದಿಂದಲೇ, ತಗ್ಗಿದ ದನಿಯಲ್ಲಿ ಹೇಳಿದ: “ಕಾಕಾ, ಮುದುಕನ್ನ ಉಳಸಾಕ ಸುಳ್ಳ ಹೇಳಾಕತ್ತೀರಿ. ನೀವು ತಪ್ಪು ಮಾಡೂವವ್ರಲ್ಲ ಅಂತ ಇಡೀ ಊರಿಗಿ ಗೊತ್ತದ.”

ಎಷ್ಟೋ ವರ್ಷ ಕೂಡಿಟ್ಟ ಹೆಸರು ಆ ಹೊತ್ತಿಗೆ ನನ್ನ ಬಾಯಿಗೇ ಅಡ್ಡ ಬಂತು. ಏನು ಮಾಡಲಿ? ಕಾಶಿಬಾಯಿಯವರ ಮುಂದೆ ಹೋಗಿ ಮಂಡಿಯೂರಿ ಕುಳಿತೆ.

“ಅವ್ವಾರ, ಹೊಲಿಗಿ ಬಾಜೂಕ ನೋಡ್ರಿ. ಹಸರ ದಾರ, ಎರಡು ಗಂಟು, ಮೇಣ ಹಚ್ಚಿದ್ದು. ಆ ಗಂಟು ಈ ಊರಾಗ ನಾ ಒಬ್ಬನೇ ಹಾಕತೀನಿ. ನಿಮ್ಮ ಮನೀಗಿ ಕೆಂಪು, ಹುಸೇನಚಾಚಾರ ಮನೀಗಿ ಹಸರು. ಪಟ್ಟಿ ದಫ್ತರದಾಗ ಅದ. ನಿಮ್ಮ ಮನ್ಯಾಗಿಂದ ಎತ್ತಕೊಂಡು ಹೋಗಿದ್ರ ಇದಕ್ಕ ಕೆಂಪು ದಾರ ಇರಬೇಕಾಗಿತ್ತು. ಹಸರು ಹ್ಯಾಂಗ ಬಂತು? ನಾ ಕಟ್ಟೀನಿ, ಇಲ್ಲೇ, ಸಾಲ್ಯಾಗ, ಗಲಾಟಿಗಿಂತ ಮೊದಲ.”

ಸದರ್ ಸಾಹೇಬರು ಎದ್ದು ಹೋಗಿ ದಫ್ತರ ತಂದರು. ತಾವು ಓದಲಿಲ್ಲ, ವೈಜನಾಥನ ಕೈಗೆ ಕೊಟ್ಟರು. ಅವನು ಉರ್ದುವಿನಲ್ಲಿದ್ದ ಆ ಸಾಲುಗಳನ್ನು ಕನ್ನಡದಲ್ಲಿ ಒದರಿ ಹೇಳಿದ. ಕೆಂಪು, ಕಾಶಿಬಾಯಿ. ಹಸಿರು, ಹುಸೇನಸಾಬ. ಆಮೇಲೆ ಮೂಲೆಯನ್ನು ಹಿಡಿದು ಎಲ್ಲರಿಗೂ ತೋರಿಸಿದ. ರೇವಣ ಬಂದು ಗಂಟನ್ನು ಉಗುರಿನಿಂದ ಕೆದರಿ ನೋಡಿದ, ಧೂಳು ಹಿಡಿದು ಕಪ್ಪಾದ ಹಳೆಯ ಮೇಣ ಹತ್ತಿತು. ಅವನು ಹೋಗಿ ಹುಸೇನಸಾಬರು ಮೊದಲು ಕುಳಿತಿದ್ದ ಜಾಗದ ಪಕ್ಕದಲ್ಲಿ ಕುಳಿತ.

ಕಾಶಿಬಾಯಿ ಜಮಖಾನವನ್ನು ತೊಡೆಯ ಮೇಲೆ ಹಾಕಿಕೊಂಡು ಐದೂ ಹೊಲಿಗೆಗಳನ್ನು ಬೆರಳಿನಿಂದ ಎಣಿಸಿದರು.

“ಹಂಗಾದ್ರ” ಎಂದರು, “ನಮ್ಮ ಮನ್ಯಾಗ ಸುಟ್ಟದ್ದು ಇವರದು.”

ಹುಸೇನಸಾಬರು, “ಹೋಗಲಿ ಬಿಡು ಬಾಯೀ, ಹೋದದ್ದು ಅರಿವಿ” ಎಂದರು.

ಆಮೇಲೆ ಆಕೆ ನನ್ನ ಕಡೆ ತಿರುಗಿದರು. “ಎರಡು ವರ್ಷ ಬಾಯಾಗ ಏನ್ ಇಟಗೊಂಡಿದ್ದಿ ಭೀಮಶಾ? ಒಂದು ಮಾತ ಹೇಳಿದ್ದರ ಆ ಮನಶ್ಯಾ ಇವತ್ತು ಇಷ್ಟ ಮಂದ್ಯಾಗ ನಡಗತಿದ್ದನಾ?” ನಾನು ಹುಸೇನಸಾಬರ ಕಡೆ ತಿರುಗಿ ಕೈಮುಗಿದೆ.

ಜಲ್ಸಾ ನಡೆಯಿತು, ಅಷ್ಟೇನೂ ಚೆನ್ನಾಗಿ ನಡೆಯಲಿಲ್ಲ. ಭಾಷಣಕಾರರು ಮರೆತರು, ನಾಟಕದ ಅರ್ಧದಲ್ಲಿ ಪರದೆ ಬಿತ್ತು. ಬೈತ್‌ಬಾಜಿಗೆ ಇಸ್ಮಾಯಿಲ್ ಏಳಲೇ ಇಲ್ಲ. ಮುಗಿದ ಮೇಲೆ ಕಾಶಿಬಾಯಿಯವರ ಜಮಖಾನ ಮುಟ್ಟಿಸಲು ನಾನು ಕೈ ಹಾಕಿದರೆ ಹುಸೇನಸಾಬರು ತಡೆದರು. “ನೀ ಬ್ಯಾಡ, ಮತ್ತೊಂದು ಮನೀಗಿ ಒಯ್ದೀ” ಎಂದರು. ತಾವೇ ಸುತ್ತಿ ಒಂದು ತುದಿಯನ್ನು ಹೆಗಲಿಗೆ ಹಾಕಿಕೊಂಡರು. ಆ ದಿನಗಳಲ್ಲಿ ಅವರು ಒಬ್ಬರೇ ಇನ್ನೊಬ್ಬರ ಜಮಖಾನ ಹೊತ್ತು ಬಜಾರದಲ್ಲಿ ಹೋಗುವಂತಿರಲಿಲ್ಲ. ವೈಜನಾಥ ಇನ್ನೊಂದು ತುದಿಯನ್ನು ತನ್ನ ಹೆಗಲಿಗೆ ಏರಿಸಿದ. ಇಳಿಮಧ್ಯಾಹ್ನದ ಬಿಸಿಲಲ್ಲಿ, ತೆರೆದ ಅಂಗಡಿಗಳ ನಡುವೆ, ಅವರಿಬ್ಬರೂ ಹೋದದ್ದನ್ನು ಶಾಲೆಯ ಬಾಗಿಲಲ್ಲಿ ನಿಂತು ನೋಡಿದೆ.

ಇಸ್ಮಾಯಿಲ್ ಸೋಮವಾರ ಶಾಲೆಗೆ ಬಂದ. ಆ ವಾರದಲ್ಲಿ ಅವನ ಓಣಿಯ ಇನ್ನೂ ಕೆಲವರು ಬಂದರು, ಎಲ್ಲರೂ ಅಲ್ಲ. ರೇವಣ ತನ್ನ ಹಟ ಬಿಡಲಿಲ್ಲ. ದಿನಾ ಬೆಳಿಗ್ಗೆ ಗಂಟೆಗಿಂತ ಮೊದಲು ಬೇವಿನ ಕೆಳಗೆ ಕನ್ನಡ ಅಕ್ಷರ ಕಲಿಸಲು ಕುಳಿತ. ಮೊದಲ ಸಾಲಿನಲ್ಲಿ ಇಸ್ಮಾಯಿಲ್, ಕೊನೆಯ ಸಾಲಿನಲ್ಲಿ ಕೈಯಲ್ಲಿ ಪಾಟಿ ಹಿಡಿದು ನಾನು. ಇದನ್ನು ಬರೆಯುತ್ತಿರುವ ಅಕ್ಷರ ಅವನು ತೀಡಿಸಿದ್ದು. ಆದ್ದರಿಂದ ಜಲ್ಸಾ ಬೇಡವೆಂದು ಅವನು ಹೇಳಿದ್ದು ಪೂರ್ತಿ ತಪ್ಪು ಎಂದು ನಾನು ಎಂದೂ ಹೇಳಲಾರೆ.

ಐವತ್ತರಲ್ಲಿ ನನ್ನನ್ನು ಹುಮನಾಬಾದಿಗೆ ಹಾಕಿದರು. ದೊಡ್ಡ ಶಾಲೆ, ಬೆಂಚುಗಳಿದ್ದವು. ಕೀಲಿಕೈಗಳ ಗೊಂಚಲೇ ಒಂದು ಸೇರು ತೂಗುತ್ತಿತ್ತು. ಅಲ್ಲಿಯ ಸಂಘದವರು ವಾರ್ಷಿಕ ಸಮ್ಮೇಳನಕ್ಕೆ ತಿಂಗಳು ಓಡಾಡುತ್ತಿದ್ದರು. ಯಾರ ಮನೆಗೂ ಹೋಗುತ್ತಿರಲಿಲ್ಲ. ಹಾಸು ಬಾಡಿಗೆಗೆ ಬರುತ್ತಿತ್ತು, ಹಾರ ಬಜಾರದಿಂದ ಬರುತ್ತಿತ್ತು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು ಬಂದು ಕುಳಿತು ಗಡಿಯಾರ ನೋಡುತ್ತಿದ್ದರು. ಒಂದು ವರ್ಷ ಅಲ್ಲಿಯೂ ಅದೇ ಜಗಳ ಬಂತು, ಸಮ್ಮೇಳನ ಬೇಕೋ ಓದು ಬೇಕೋ ಎಂದು. ಹುಡುಗರು ನನ್ನನ್ನೂ ಕೇಳಿದರು. ಈ ಸಲ ನಿಜ ಹೇಳಿದೆ. “ಬಾಡಿಗಿ ಹಾಸು ತಂದು ಮಾಡೂದಿದ್ರ ಬಿಟ್ಟು ಓದಿಕೊಳ್ರಿ. ಮನೀ ಮನೀಗಿ ಹೋಗಿ ಕೇಳಿ ತರೂದಿದ್ರ ಮಾಡ್ರಿ, ನಾ ಬರತೀನಿ” ಎಂದೆ. ಯಾಕೆ ಹಾಗೆ ಎಂದರು. ಮೇಲಿನದನ್ನೆಲ್ಲ ಹೇಳಿದೆ.

ಕೇಳಿ ಮುಗಿದ ಮೇಲೆ ಅವರಲ್ಲೊಬ್ಬ, “ಆ ದಾರ ಏನಾತ್ರಿ ಕಾಕಾ? ಸರಿ ಮಾಡಿದ್ರಿಲ್ಲ?” ಎಂದ.

ಸರಿ ಮಾಡಲು ಹೋಗಿದ್ದೆ. ಹುಮನಾಬಾದಿಗೆ ಹೊರಡುವ ಮುಂಚಿನ ಚಳಿಗಾಲ, ಕಲ್ಯಾಣಿಯ ಮುಂದಿನ ಜಲ್ಸಾಕ್ಕೆ ಕಾಶಿಬಾಯಿ ಇದ್ದ ತಮ್ಮನ ಮನೆಯ ಬಾಗಿಲಿಗೆ ಹೋಗಿ ನಿಂತಾಗ ಕೈಯಲ್ಲಿ ಕತ್ತರಿ, ಸೂಜಿ, ಕೆಂಪು ದಾರ ಇದ್ದವು. ಆಕೆ ಜಮಖಾನ ತಂದು ಕಟ್ಟೆಯ ಮೇಲಿಟ್ಟರು. ನಾನು ಮೂಲೆ ಮಗುಚಿ ಹಸಿರು ಗಂಟಿಗೆ ಕತ್ತರಿ ಹಾಕುವಷ್ಟರಲ್ಲಿ ಕೈ ಅಡ್ಡ ಹಿಡಿದರು.

“ಏನ್ ಮಾಡಾಕತ್ತೀಯೋ?”

“ಇದು ಅವರ ಮನೀ ಬಣ್ಣ ಅವ್ವಾರ. ತಪ್ಪಾಗಿ ಬಿದ್ದದ. ಬಿಚ್ಚತೀನಿ.”

“ಬಿಚ್ಚಬ್ಯಾಡ. ಆ ಮನ್ಯಾಗಿತ್ತು ಅಂತ ಇದು ಉಳದದ” ಎಂದರು ಕಾಶಿಬಾಯಿ. “ಐದಿದ್ದವು, ಆರಾಗಲಿ.”